ಬಾಲಕರ ಲ್ಯಾಟಿನ್ ಪಾಠಗ್ರಂಥಗಳು : ಗುಣದೋಷವಿಚಾರ

ಒಂದು ಭಾಷೆಯ ಮಹಾಕಾವ್ಯಗಳನ್ನು ವಿಮರ್ಶಿಸಲು ಪಂಡಿತರು ಅನೇಕರು ಮುಂದಾಗುವರು. ಆ ಕಾವ್ಯಮಂದಿರದ ಬಾಗಿಲವರೆಗೆ ಬಾಲಕನನ್ನು ಕೈಹಿಡಿದು ಕರೆದೊಯ್ಯುವ ಮೊದಲನೆಯ ಪಾಠಪುಸ್ತಕವನ್ನು ವಿಮರ್ಶಿಸುವವರು ವಿರಳರು. ಅದು ಅಲ್ಪವಿಷಯವೆಂಬ ಭಾವನೆಯೇ ಇದಕ್ಕೆ ಕಾರಣವಾಗಿರಬೇಕು. ಆದರೆ ಎಂಟು ಹತ್ತು ವರ್ಷದ ಹುಡುಗನ ಕೈಗೆ ಬರುವ ಆ ಪುಸ್ತಕವೇ ಅವನಿಗೆ ಭಾಷೆಯಲ್ಲಿ ಯಾವಜ್ಜೀವವೂ ಉಳಿಯುವ ಪ್ರೀತಿಯನ್ನಾಗಲಿ ಜುಗುಪ್ಸೆಯನ್ನಾಗಲಿ ಹುಟ್ಟಿಸತಕ್ಕದ್ದು. ಕ್ರಿಸ್ತಶಕ ನಾಲ್ಕನೆಯ ಶತಮಾನದಲ್ಲಿ ಉತ್ತರ ಆಫ್ರಿಕದಲ್ಲಿ ಹುಟ್ಟಿದ ಸಂತ ಅಗಸ್ಟೀನನು ತನ್ನ ಆತ್ಮಕಥನದಲ್ಲಿ ಈ ಮಾತಿಗೆ ಸಾಕ್ಷಿ ನುಡಿದಿರುವನು. ದಾದಿಯರ ಲಾಲನೆಯ ನಡುವೆ, ಆಟಪಾಟಗಳ ನಡುವೆ, ಲ್ಯಾಟಿನ್ ಭಾಷೆಯು ಅವನಿಗೆ ತಾನಾಗಿ ಬಂದಿತು. ಗ್ರೀಕ್ ಭಾಷೆಯನ್ನು ದಂಡನೆಯ ಭಯದಿಂದ ಕಲಿಯಬೇಕಾಯಿತು. ಫಲವೇನೆಂದರೆ, ಹೋಮರನಂಥ ಮಹಾಕವಿಯೂ ಆ ಬಾಲಕನಿಗೆ ಕಹಿಯಾದನು. ದೋಷವು ಹೋಮರನದಲ್ಲ, ಬೋಧನಕ್ರಮದ್ದು.

ಅಗಸ್ಟೀನನ ಕಾಲ ಕಳೆದ ಕೆಲವು ಶತಮಾನಗಳಲ್ಲಿ ಲ್ಯಾಟಿನ್ ಯಾರಿಗೂ ಮಾತೃಭಾಷೆಯಾಗಿ ಉಳಿಯಲಿಲ್ಲ. ಆದರೂ ಯೂರೋಪಖಂಡದ ಮಠಗಳಲ್ಲಿ, ನ್ಯಾಯಸ್ಥಾನಗಳಲ್ಲಿ, ವೈದ್ಯ ಗಣಿತಾದಿ ಶಾಸ್ತ್ರಗಳಲ್ಲಿ ಸಾವಿರ ವರ್ಷಕ್ಕೂ ಮೇಲ್ಪಟ್ಟು ಅದೇ ಆಳಿತು. ಭರತಖಂಡದಲ್ಲಿ ಸಂಸ್ಕೃತಕ್ಕೆ ಯಾವ ಸ್ಥಾನವಿತ್ತೋ ಸರಿಸುಮಾರಾಗಿ ಅದೇ ಸ್ಥಾನ. ತಾಯಿಯ ಬಾಯಿಂದ ಬಾರದ ಭಾಷೆಯನ್ನು ಗುರುಮುಖದಿಂದಲೂ ಗ್ರಂಥಮುಖದಿಂದಲೂ ಪಡೆಯಬೇಕಾದಾಗ ಪಾಠಗ್ರಂಥದ ಹೊಣೆಯು ಇಮ್ಮಡಿಯಾಗುವುದು. ಅಂಥ ಗ್ರಂಥವನ್ನು ಪರೀಕ್ಷಿಸಲು ಮೂರು ಒರೆಗಲ್ಲುಗಳು ಸಾಕು. ಓದಿದುದು ಬಾಲಕನ ನೆನಪಿನಲ್ಲಿ ನಿಲ್ಲುವುದೇ? ನಿಂತುದರ ಅರ್ಥವು ಅವನಿಗೆ ಆಗುವುದೇ? ಆ ಅರ್ಥವು ಅವನನ್ನು ಕಾವ್ಯದ ಬಳಿಗೆ ಮುಟ್ಟಿಸುವುದೇ? ಧಾರಣೆ, ಗ್ರಹಣ, ರಸ ಎಂಬ ಈ ಮೂರರಲ್ಲಿ ಒಂದನ್ನು ಹಿಡಿದು ಉಳಿದೆರಡನ್ನು ಬಿಟ್ಟ ಪುಸ್ತಕವು ಎಷ್ಟು ಪ್ರಸಿದ್ಧವಾದರೂ ಊನವೇ ಸರಿ.

ಮೊದಲು ಭಾಷೆಯ ಸ್ವಭಾವವನ್ನು ತಿಳಿಯಬೇಕು. ಲ್ಯಾಟಿನ್ ವಿಭಕ್ತಿಪ್ರಧಾನವಾದ ಭಾಷೆ. ಗುರುವು ಶಿಷ್ಯನನ್ನು ಹೊಗಳುತ್ತಾನೆ ಎಂಬುದಕ್ಕೆ ‘ಮಗಿಸ್ತೆರ್ ದಿಸ್ಕಿಪುಲುಮ್ ಲೌದತ್’ ಎನ್ನಬಹುದು. ‘ದಿಸ್ಕಿಪುಲುಮ್ ಲೌದತ್ ಮಗಿಸ್ತೆರ್’ ಎಂದರೂ ಹೊಗಳುವವನು ಗುರುವೇ. ಶಬ್ದದ ಕೊನೆಯಲ್ಲಿರುವ ಪ್ರತ್ಯಯವು ಕರ್ತೃಕರ್ಮಗಳನ್ನು ನಿರ್ಣಯಿಸುವುದೇ ಹೊರತು ಶಬ್ದದ ಸ್ಥಾನವಲ್ಲ. ಕನ್ನಡದ ಹುಡುಗನಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ‘ಶಿಷ್ಯನನ್ನು ಗುರುವು’ ಎಂದರೂ ‘ಗುರುವು ಶಿಷ್ಯನನ್ನು’ ಎಂದರೂ ಅವನಿಗೆ ಒಂದೇ. ಆದರೆ ಇಂಗ್ಲಿಷಿನಲ್ಲಿ ಸ್ಥಾನ ಬದಲಾದರೆ ಹೊಗಳಿದವನೇ ಹೊಗಳಿಸಿಕೊಂಡವನಾಗುವನು. ಆದುದರಿಂದ ಆಂಗ್ಲೇಯ ಬಾಲಕನಿಗೆ ಲ್ಯಾಟಿನ್ ಕಲಿಯುವುದೆಂದರೆ ಹೊಸ ಶಬ್ದಗಳನ್ನು ಕಲಿಯುವುದಷ್ಟೇ ಅಲ್ಲ, ವಾಕ್ಯವನ್ನು ನೋಡುವ ಕಣ್ಣನ್ನೇ ಬದಲಿಸಿಕೊಳ್ಳುವುದು. ೧೭೮೬ರಲ್ಲಿ ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸನು ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಬಂದಿರಬೇಕೆಂದು ಸಾರಿದುದು ಸುಪ್ರಸಿದ್ಧ. ಪಿತೃ ಶಬ್ದಕ್ಕೆ ‘ಪತೆರ್’, ಮಾತೃ ಶಬ್ದಕ್ಕೆ ‘ಮಾತೆರ್’ ಎಂಬ ಸೋದರರೂಪಗಳನ್ನು ಕಂಡ ಸಂಸ್ಕೃತಜ್ಞನಿಗೆ ಆ ಭಾಷೆಯ ಪಾಠಕ್ರಮದಲ್ಲಿ ಕುತೂಹಲ ಹುಟ್ಟುವುದು ಸಹಜವೇ ಆಗಿದೆ.

ಪ್ರಾಚೀನಗ್ರಂಥಗಳಲ್ಲಿ ಅಗ್ರಗಣ್ಯವಾದುದು ನಾಲ್ಕನೆಯ ಶತಮಾನದ ದೋನಾತುಸನ ಲಘುವ್ಯಾಕರಣ. ಎಂಟು ಪದಜಾತಿಗಳನ್ನು ಪ್ರಶ್ನೋತ್ತರರೂಪವಾಗಿ ಹೇಳುವ ಈ ಕಿರುಹೊತ್ತಗೆಯು ಎಷ್ಟರಮಟ್ಟಿಗೆ ಪ್ರಚಾರ ಪಡೆಯಿತೆಂದರೆ, ಮುಂದೆ ಯಾವ ಪ್ರಥಮಪಾಠವನ್ನಾದರೂ ಅವನ ಹೆಸರಿನಿಂದಲೇ ಕರೆಯುವುದು ರೂಢಿಯಾಯಿತು. ಧಾರಣೆಗೆ ಇದು ಬಲು ಅನುಕೂಲ. ಆದರೆ ಲ್ಯಾಟಿನನ್ನು ಮನೆಯಲ್ಲಿ ಆಡುತ್ತಿದ್ದ ಮಕ್ಕಳಿಗಾಗಿ ಬರೆದುದನ್ನು ಅದರ ಗಂಧವೇ ಇಲ್ಲದ ಮಕ್ಕಳಿಗೆ ಕೊಟ್ಟಾಗ ಗ್ರಹಣವು ಕುಂಟಿತು. ಈ ಕೊರತೆಯನ್ನು ಕಂಡವನು ಕ್ರಿ. ಶ. ೧೦೦೦ದ ಸುಮಾರಿನಲ್ಲಿದ್ದ ಆಂಗ್ಲೇಯ ಸಂನ್ಯಾಸಿ ಆಲ್ಫ್ರಿಕ್. ಅವನು ವ್ಯಾಕರಣವನ್ನು ದೇಶಭಾಷೆಯಲ್ಲಿ ವಿವರಿಸಿದುದಲ್ಲದೆ, ಮಕ್ಕಳು ಆಡಬೇಕಾದ ಸಂವಾದವೊಂದನ್ನು ರಚಿಸಿದನು. ಅದರಲ್ಲಿ ಒಬ್ಬ ಹುಡುಗನು ಉಳುವವನಾಗಿ, ಮತ್ತೊಬ್ಬನು ಕುರುಬನಾಗಿ, ಇನ್ನೊಬ್ಬನು ಮೀನುಗಾರನಾಗಿ ತಂತಮ್ಮ ಕಸುಬನ್ನು ಲ್ಯಾಟಿನಿನಲ್ಲಿ ಬಣ್ಣಿಸುವರು. ಚಳಿಯಲ್ಲಿ ನೇಗಿಲು ಹಿಡಿದವನ ಕಷ್ಟವು ಮಠದ ಮಕ್ಕಳ ಬಾಯಲ್ಲಿ ಪಾಠವಾಯಿತು. ಬೆತ್ತದ ಮಾತು ಅಲ್ಲಿಯೂ ಇಲ್ಲದಿಲ್ಲ. ಅಜ್ಞಾನಿಗಳಾಗಿ ಉಳಿಯುವುದಕ್ಕಿಂತ ಏಟು ತಿನ್ನುವುದೇ ಮೇಲೆಂದು ಮಕ್ಕಳಿಂದಲೇ ಹೇಳಿಸಿರುವನು. ಆದರೂ ಪಾಠಗ್ರಂಥದೊಳಗೆ ಲೋಕವನ್ನು ಪ್ರವೇಶಗೊಳಿಸಿದ ಕೀರ್ತಿ ಅವನಿಗೆ ಸಲ್ಲತಕ್ಕದ್ದು.

ಹದಿನಾರನೆಯ ಶತಮಾನದಲ್ಲಿ ಇಂಗ್ಲೆಂಡಿನ ಶಾಲೆಗಳನ್ನು ಆಳಿದುದು ಲಂಡನ್ನಿನ ಸಂತ ಪಾಲನ ಶಾಲೆಯ ಮೊದಲನೆಯ ಮುಖ್ಯೋಪಾಧ್ಯಾಯನಾದ ವಿಲಿಯಂ ಲಿಲಿಯ ಹೆಸರಿನ ವ್ಯಾಕರಣ. ಎಂಟನೆಯ ಹೆನ್ರಿರಾಜನ ಮುದ್ರೆ ಬಿದ್ದುದರಿಂದ ಅದನ್ನು ಬಿಟ್ಟು ಬೇರೊಂದನ್ನು ಕಲಿಸುವಂತಿರಲಿಲ್ಲ. ಅದರ ನಿಯಮಗಳಲ್ಲಿ ಬಹುಭಾಗ ಲ್ಯಾಟಿನಿನಲ್ಲಿಯೇ ಇದ್ದಿತು. ಅರಿಯದ ಭಾಷೆಯ ನಿಯಮವನ್ನು ಅರಿಯದ ಭಾಷೆಯಿಂದಲೇ ಅರಿಯಬೇಕೆಂಬ ಈ ಅನ್ಯೋನ್ಯಾಶ್ರಯದೋಷದ ಪರಿಣಾಮವನ್ನು ಶೇಕ್ಸ್‌ಪಿಯರನು ‘ವಿಂಡ್ಸರಿನ ವಿನೋದಿನಿಯರು’ ಎಂಬರ್ಥದ ಹೆಸರುಳ್ಳ ನಾಟಕದಲ್ಲಿ ಒಂದೇ ದೃಶ್ಯದಿಂದ ತೋರಿಸಿಬಿಟ್ಟಿರುವನು. ಉಪಾಧ್ಯಾಯನು ‘ಲಪಿಸ್’ ಎಂದರೇನೆಂದು ಕೇಳುವನು, ಹುಡುಗನು ಕಲ್ಲೆನ್ನುವನು. ಕಲ್ಲೆಂದರೇನೆಂಬ ಮರುಪ್ರಶ್ನೆಗೆ ಹುಡುಗನು ಬೆಣಚುಕಲ್ಲೆಂದು ಉತ್ತರ ಕೊಡುವನು. ಉಪಾಧ್ಯಾಯನು ಅದನ್ನು ತಿರಸ್ಕರಿಸಿ, ಕಲ್ಲೆಂದರೆ ‘ಲಪಿಸ್’ ಎಂದು ನೆನಪಿಡುವಂತೆ ಆಜ್ಞಾಪಿಸುವನು. ಪ್ರೇಕ್ಷಕರು ನಗುವರು, ಆದರೆ ಅಲ್ಲಿ ವಸ್ತುವನ್ನು ಕಂಡವನು ಹುಡುಗನೊಬ್ಬನೇ ಎಂಬುದನ್ನು ಗಮನಿಸಬೇಕು. ಎಲಿಜಬೆತ್ ರಾಣಿಗೆ ಗುರುವಾಗಿದ್ದ ರಾಜರ್ ಆಸ್ಕಮನು ಇದಕ್ಕೆ ಪರಿಹಾರವನ್ನು ಸೂಚಿಸಿದನು. ಅವನ ಮರಣಾನಂತರ ೧೫೭೦ರಲ್ಲಿ ಅಚ್ಚಾದ ‘ಶಾಲಾಗುರು’ ಎಂಬ ಗ್ರಂಥದ ಪ್ರಕಾರ, ಶಿಷ್ಯನು ಸಿಸೆರೋವಿನ ಒಂದು ಭಾಗವನ್ನು ಇಂಗ್ಲಿಷಿಗೆ ತಿರುಗಿಸಿ, ಮೂಲವನ್ನು ಬದಿಗಿಟ್ಟು, ಕೆಲಹೊತ್ತಿನ ಮೇಲೆ ಅದನ್ನು ಮರಳಿ ಲ್ಯಾಟಿನಿಗೆ ತಿರುಗಿಸಬೇಕು. ಗುರುವು ಎರಡನ್ನೂ ಹೋಲಿಸಿ ತಿದ್ದಬೇಕು. ಇಲ್ಲಿ ತಪ್ಪನ್ನು ತೋರಿಸುವವನು ಸಾಕ್ಷಾತ್ ಸಿಸೆರೋ, ಬೆತ್ತಕ್ಕೆ ಕೆಲಸವಿಲ್ಲ. ಈಟನ್ ಶಾಲೆಯ ಹುಡುಗರು ಹೊಡೆತಕ್ಕೆ ಹೆದರಿ ಓಡಿಹೋದರೆಂಬ ವಾರ್ತೆಯ ಮೇಲೆ ಅರಮನೆಯಲ್ಲಿ ನಡೆದ ಸಂಭಾಷಣೆಯೇ ಈ ಗ್ರಂಥಕ್ಕೆ ಬೀಜವೆಂಬುದು ಸ್ಮರಣೀಯ.

ಶಬ್ದ ಮತ್ತು ವಸ್ತುಗಳ ವಿಯೋಗವನ್ನು ನಿವಾರಿಸಲು ಹೊರಟ ಇನ್ನೊಬ್ಬ ಮಹನೀಯನು ಮೊರಾವಿಯ ದೇಶದ ಕೊಮೇನಿಯಸ್. ೧೬೫೮ರಲ್ಲಿ ನ್ಯೂರಂಬರ್ಗಿನಲ್ಲಿ ಪ್ರಕಟವಾದ ಅವನ ‘ಚಿತ್ರಲೋಕ’ದಲ್ಲಿ ನೂರೈವತ್ತು ಪಾಠಗಳು, ಪಾಠಪಾಠಕ್ಕೂ ಒಂದು ಚಿತ್ರ, ಚಿತ್ರದ ಅಂಗಗಳಿಗೆ ಅಂಕಿ, ಅದೇ ಅಂಕಿಯು ಕೆಳಗಿನ ಲ್ಯಾಟಿನ್ ಹಾಗೂ ಜರ್ಮನ್ ವಾಕ್ಯಗಳಲ್ಲಿ. ಇಂದು ಎಲ್ಲ ದೇಶಗಳ ಮಕ್ಕಳ ಪುಸ್ತಕಗಳಲ್ಲಿಯೂ ಚಿತ್ರವಿರುವುದರಿಂದ ಇದರ ನವೀನತೆಯು ತೋರುವುದಿಲ್ಲ. ಆ ಕಾಲದಲ್ಲಿ ಇದು ಕಣ್ಣನ್ನು ಶಾಲೆಗೆ ಸೇರಿಸಿದಂತಾಯಿತು. ಗ್ರಹಣಕ್ಕೆ ಇದಕ್ಕಿಂತ ಉತ್ತಮವಾದುದು ಅಂದಿನವರೆಗೆ ಬಂದಿರಲಿಲ್ಲ. ಆದರೆ ಈ ಗ್ರಂಥವು ಪದಾರ್ಥಗಳ ಉಗ್ರಾಣ; ಅಮರಕೋಶದಂತೆ ಉಪಕಾರಕವೇ ಹೊರತು ರಸಕ್ಕೆ ಮಾರ್ಗವಲ್ಲ.

ಇನ್ನು ಎಲ್ಲಕ್ಕಿಂತ ಹೆಚ್ಚು ವಿಚಾರಾರ್ಹವಾದುದು ಬೆಂಜಮಿನ್ ಹಾಲ್ ಕೆನೆಡಿಯ ‘ಲ್ಯಾಟಿನ್ ಪ್ರೈಮರ್’. ಶ್ರೂಸ್‌ಬರಿ ಶಾಲೆಯ ಮುಖ್ಯೋಪಾಧ್ಯಾಯನಾಗಿ ಮೂವತ್ತು ವರ್ಷ ದುಡಿದ ಈತನ ವ್ಯಾಕರಣವು ೧೮೬೬ರಲ್ಲಿಯೂ, ಪರಿಷ್ಕೃತವಾಗಿ ೧೮೮೮ರಲ್ಲಿಯೂ ಹೊರಟಿತು. ಪರಿಷ್ಕರಣದಲ್ಲಿ ಅವನ ಪುತ್ರಿಯರಾದ ಮೇರಿಯನ್ ಮತ್ತು ಜೂಲಿಯಾ ಇವರ ಪರಿಶ್ರಮವು ಬಹಳವಾಗಿದ್ದರೂ ಮುಖಪುಟದಲ್ಲಿ ತಂದೆಯ ಹೆಸರೊಂದೇ ನಿಂತಿತು. ಗ್ರಂಥದ ಗುಣಗಳು ಅಲ್ಪವಲ್ಲ. ಪ್ರಥಮೆ, ಸಂಬೋಧನೆ, ದ್ವಿತೀಯೆಗಳನ್ನು ಒತ್ತಟ್ಟಿಗೆ ಇಟ್ಟುದರಿಂದ ಸಮಾನರೂಪಗಳು ಒಂದೆಡೆ ಸೇರಿ ನೆನಪಿಗೆ ಸುಲಭವಾಯಿತು. ಲಿಂಗನಿಯಮಗಳನ್ನು ಪ್ರಾಸಬದ್ಧವಾದ ಪದ್ಯಗಳಲ್ಲಿ ಕಟ್ಟಿಕೊಟ್ಟುದು ಕಾರಿಕೆಗಳನ್ನು ಕಂಠಪಾಠ ಮಾಡಿದವರಿಗೆ ಮೆಚ್ಚುಗೆಯಾಗದೆ ಇರದು. ಪ್ರಕಟವಾಗಿ ನೂರಮೂವತ್ತು ವರ್ಷಗಳಾದ ಮೇಲೂ ಅದು ಮುದ್ರಣದಲ್ಲಿ ಉಳಿದಿರುವುದೇ ಅದರ ಸತ್ತ್ವಕ್ಕೆ ಪ್ರಮಾಣ. ಧಾರಣೆಯೆಂಬ ಒರೆಗಲ್ಲಿನಲ್ಲಿ ಇದು ಅಪರಂಜಿ.

ಆದರೆ ಈ ಪದ್ಧತಿಯ ದೋಷವನ್ನು ಒಬ್ಬ ಏಳು ವರ್ಷದ ಬಾಲಕನು ಒಂದೇ ಪ್ರಶ್ನೆಯಿಂದ ಬಯಲಿಗೆಳೆದನು. ಮುಂದೆ ಇಂಗ್ಲೆಂಡಿನ ಪ್ರಧಾನಮಂತ್ರಿಯಾದ ವಿನ್‌ಸ್ಟನ್ ಚರ್ಚಿಲನು ೧೯೩೦ರಲ್ಲಿ ಪ್ರಕಟಿಸಿದ ಬಾಲ್ಯಕಥನದಲ್ಲಿ ಈ ಪ್ರಸಂಗವನ್ನು ಹೇಳಿಕೊಂಡಿರುವನು. ಅದು ನಡೆದುದು ಪರಿಷ್ಕೃತ ಪ್ರೈಮರ್ ಹೊರಡುವುದಕ್ಕೆ ಕೆಲವು ವರ್ಷ ಮುಂಚೆ. ಪದ್ಧತಿ ಮಾತ್ರ ಅದೇ. ಶಾಲೆಗೆ ಸೇರಿದ ಮೊದಲನೆಯ ದಿನವೇ ‘ಮೆನ್ಸ’ ಶಬ್ದದ ರೂಪಗಳನ್ನು ಬಾಯಿಪಾಠ ಮಾಡುವಂತೆ ಅಪ್ಪಣೆಯಾಯಿತು. ಹುಡುಗನು ಒಪ್ಪಿಸಿದನು. ಅನಂತರ ಒಂದು ಸಂಶಯವನ್ನು ಕೇಳಿದನು : ‘ಮೆನ್ಸ’ ಎಂದರೆ ಮೇಜು ಸರಿ, ‘ಎಲೈ ಮೇಜೇ’ ಎಂದೂ ಅದಕ್ಕೆ ಅರ್ಥವೇಕೆ? ಮೇಜನ್ನು ಕರೆಯುವಾಗ ಬಳಸುವುದೆಂದು ಉಪಾಧ್ಯಾಯರು ಉತ್ತರಿಸಿದರು. ತಾನು ಎಂದೂ ಮೇಜನ್ನು ಕರೆಯುವುದಿಲ್ಲವೆಂದು ಹುಡುಗನು ಪ್ರಾಮಾಣಿಕವಾಗಿ ಹೇಳಿದನು. ಅಧಿಕಪ್ರಸಂಗಕ್ಕೆ ಕಠಿನಶಿಕ್ಷೆಯಾಗುವುದೆಂಬ ಬೆದರಿಕೆಯೇ ಅದಕ್ಕೆ ಸಿಕ್ಕಿದ ಸಮಾಧಾನ.

ಈ ಕಥೆಯನ್ನು ಲ್ಯಾಟಿನ್ ಪಾಠದ ವ್ಯರ್ಥತೆಗೆ ದೃಷ್ಟಾಂತವಾಗಿ ಹೇಳುವುದು ವಾಡಿಕೆಯಾಗಿದೆ. ವಾಸ್ತವವಾಗಿ ಅದು ಉಪಾಧ್ಯಾಯನ ದಾರಿದ್ರ್ಯಕ್ಕೆ ದೃಷ್ಟಾಂತ. ಅಚೇತನವಸ್ತುವನ್ನು ಸಂಬೋಧಿಸುವುದುಂಟೆ ಎಂಬುದು ಕಾವ್ಯದ ಮರ್ಮಕ್ಕೆ ಸೇರಿದ ಪ್ರಶ್ನೆ. ಮೇಘವನ್ನು ಸಂಬೋಧಿಸಿದ ಯಕ್ಷನ ವಿಷಯದಲ್ಲಿ ಕಾಳಿದಾಸನೇ ಈ ಶಂಕೆಯನ್ನೆತ್ತಿ, ವಿರಹಾರ್ತರಿಗೆ ಚೇತನಾಚೇತನಗಳ ಭೇದ ತೋರದೆಂದು ಪರಿಹರಿಸಿರುವನು. ಲ್ಯಾಟಿನಿನಲ್ಲಿಯೂ ಇದಕ್ಕೆ ಉದಾಹರಣೆಗಳ ಕೊರತೆಯಿಲ್ಲ. ಹೊರೇಸ್ ಕವಿಯು ಬಂದೂಸಿಯಾ ಎಂಬ ಚಿಲುಮೆಯನ್ನು ಕರೆದು ಒಂದು ಗೀತವನ್ನು ಹಾಡಿರುವನು. ತಾನು ಹುಟ್ಟಿದ ವರ್ಷವೇ ತುಂಬಿಸಿಟ್ಟ ದ್ರಾಕ್ಷಾರಸದ ಭಾಂಡವನ್ನು ಕರೆದು ಮತ್ತೊಂದನ್ನು. ತನ್ನ ಮೇಲೆ ಬಿದ್ದು ಪ್ರಾಣಕ್ಕೆ ಮುಳುವಾಗಲಿದ್ದ ಮರವನ್ನು ಶಪಿಸಿ ಇನ್ನೊಂದನ್ನು. ಕಟುಲ್ಲಸನು ದೂರದೇಶದಿಂದ ಮರಳಿದಾಗ ತನ್ನ ಊರಾದ ಸಿರ್ಮಿಯೋವನ್ನು ಆಪ್ತಳನ್ನೆಂಬಂತೆ ಮಾತನಾಡಿಸಿರುವನು. ಭಾಂಡವನ್ನು ಕರೆದ ಕವಿಯ ಭಾಷೆಯಲ್ಲಿ ಮೇಜನ್ನು ಕರೆಯುವ ರೂಪವಿರುವುದರಲ್ಲಿ ವಿಚಿತ್ರವೇನು? ಇಷ್ಟನ್ನು ಆ ಉಪಾಧ್ಯಾಯನು ಎರಡು ಮಾತಿನಲ್ಲಿ ಹೇಳಿದ್ದರೆ, ನಿರ್ಜೀವವಾದ ಕೋಷ್ಟಕದಿಂದ ಹೊರೇಸನ ತೋಟಕ್ಕೆ ಒಂದು ಕಿಟಕಿ ತೆರೆಯುತ್ತಿದ್ದಿತು. ಶಾಖಾಚಂದ್ರನ್ಯಾಯದಲ್ಲಿ ಕೊಂಬೆಯನ್ನು ತೋರಿಸುವುದು ಚಂದ್ರನಿಗಾಗಿ. ಕೊಂಬೆಯ ಎಲೆಗಳನ್ನು ಎಣಿಸಲು ಹೇಳಿ, ಚಂದ್ರನೆಲ್ಲಿ ಎಂದ ಮಗುವನ್ನು ಗದರಿಸಿದರೆ ನ್ಯಾಯವು ಅನ್ಯಾಯವಾಗುವುದು.

ಈ ಅನ್ಯಾಯಕ್ಕೆ ಪ್ರತಿಕ್ರಿಯೆಯಾಗಿ ಹುಟ್ಟಿದುದು ನೇರ ಸಂಭಾಷಣೆಯ ಪದ್ಧತಿ. ಇದರ ಪ್ರವರ್ತಕನಾದ ಡಬ್ಲ್ಯು. ಎಚ್. ಡಿ. ರೌಸನು ೧೮೬೩ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದವನು. ಪಾಲಿ ಜಾತಕಕಥೆಗಳನ್ನು ಇಂಗ್ಲಿಷಿಗೆ ತಂದವರಲ್ಲಿ ಒಬ್ಬನು. ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಸಂಸ್ಕೃತವನ್ನು ಬೋಧಿಸಿದವನು. ೧೯೦೨ರಿಂದ ೧೯೨೮ರವರೆಗೆ ಕೇಂಬ್ರಿಜಿನ ಪರ್ಸ್ ಶಾಲೆಯ ಮುಖ್ಯಸ್ಥನಾಗಿದ್ದ ಕಾಲದಲ್ಲಿ ಅವನು ಲ್ಯಾಟಿನನ್ನು ಲ್ಯಾಟಿನಿನಲ್ಲಿಯೇ ಕಲಿಸಿದನು. ‘ಏಳುತ್ತೇನೆ’ ಎಂದು ಲ್ಯಾಟಿನಿನಲ್ಲಿ ಹೇಳುತ್ತ ಏಳುವುದು, ‘ಬಾಗಿಲು ತೆರೆಯುತ್ತೇನೆ’ ಎನ್ನುತ್ತ ತೆರೆಯುವುದು. ಹೀಗೆ ಕ್ರಿಯಾಪದವು ಕ್ರಿಯೆಯೊಡನೆ ಬಂದಿತು. ಪದ್ಧತಿಯು ಶ್ಲಾಘ್ಯವಾದರೂ ಅದು ಪುಸ್ತಕದಲ್ಲಿ ಇರುವಂಥದಲ್ಲ, ಗುರುವಿನಲ್ಲಿ ಇರುವಂಥದು. ಲ್ಯಾಟಿನಿನಲ್ಲಿ ನಿರರ್ಗಳವಾಗಿ ಮಾತನಾಡಬಲ್ಲ ಉಪಾಧ್ಯಾಯರು ಎಲ್ಲಿಯೂ ವಿರಳರಾದುದರಿಂದ ಅದು ದೂರ ಹಬ್ಬಲಿಲ್ಲ.

ಆ ಗುಣವನ್ನು ಪುಸ್ತಕಕ್ಕೇ ತರಲು ಯತ್ನಿಸಿದವನು ಡೆನ್ಮಾರ್ಕಿನ ಹನ್ಸ್ ಓರ್ಬೆರ್ಗ್. ೧೯೫೫ರಲ್ಲಿ ಮೊದಲು ಹೊರಟ ಅವನ ಪಾಠಮಾಲೆಯಲ್ಲಿ ಲ್ಯಾಟಿನನ್ನುಳಿದು ಬೇರೊಂದು ಭಾಷೆಯ ಶಬ್ದವಿಲ್ಲ. ಭೂಪಟವನ್ನು ಮುಂದಿಟ್ಟು ಊರು, ನದಿ, ದ್ವೀಪಗಳನ್ನು ಹೇಳುತ್ತ ಹೇಳುತ್ತ ವಾಕ್ಯವನ್ನು ಬೆಳೆಸುವನು. ಹೊಸ ಶಬ್ದದ ಅರ್ಥವನ್ನು ಅಂಚಿನ ಚಿತ್ರದಿಂದಲಾಗಲಿ ಹಿಂದೆ ಕಲಿತ ಶಬ್ದದಿಂದಲಾಗಲಿ ತಿಳಿಸುವನು. ಅರುಂಧತೀದರ್ಶನಕ್ಕೆ ಮೊದಲು ಸ್ಥೂಲನಕ್ಷತ್ರವನ್ನು ತೋರಿಸುವ ಕ್ರಮವೇ ಇದು. ಮೊದಲ ಭಾಗದ ಮೂವತ್ತೈದು ಅಧ್ಯಾಯಗಳಲ್ಲಿ ಮೂವತ್ತನಾಲ್ಕನೆಯದರಲ್ಲಿ ಕಟುಲ್ಲಸ್, ಓವಿಡ್, ಮಾರ್ಷಿಯಲ್ ಕವಿಗಳ ಪದ್ಯಗಳು. ಮೂವತ್ತೈದನೆಯದರಲ್ಲಿ ದೋನಾತುಸನ ವ್ಯಾಕರಣ. ಹಿಂದಿನ ಬಾಲಕನು ಎಲ್ಲಿ ಮೊದಲುಮಾಡಿ ಬಳಲುತ್ತಿದ್ದನೋ ಈ ಬಾಲಕನು ಅಲ್ಲಿಗೆ ನಗುತ್ತ ಬಂದು ಮುಟ್ಟುವನು. ಮೂರು ಒರೆಗಲ್ಲುಗಳಲ್ಲಿಯೂ ನಿಲ್ಲಬಲ್ಲ ಗ್ರಂಥವೊಂದಿದ್ದರೆ ಅದು ಇದೇ. ತಾಳ್ಮೆಯಿಲ್ಲದವರಿಗೆ ಇದು ದೀರ್ಘಮಾರ್ಗವೆಂಬುದೊಂದೇ ಆಕ್ಷೇಪ.

ಇಂಗ್ಲೆಂಡಿನಲ್ಲಿ ಕೆನೆಡಿಯ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿದುದು ೧೯೭೦ರಿಂದ ಪ್ರಕಟವಾದ ‘ಕೇಂಬ್ರಿಜ್ ಲ್ಯಾಟಿನ್ ಕೋರ್ಸ್’. ಪಾಂಪೇಯಿ ನಗರದ ಕೈಕಿಲಿಯುಸ್ ಎಂಬ ಲೇವಾದೇವಿಗಾರ, ಅವನ ಹೆಂಡತಿ ಮೆತೆಲ್ಲ, ಮಗ ಕ್ವಿಂತುಸ್, ಅಡಿಗೆಯ ಗ್ರೂಮಿಯೋ, ಸೇವಕ ಕ್ಲೇಮೆನ್ಸ್, ಬಾಗಿಲ ನಾಯಿ ಇವರೆಲ್ಲ ಸೇರಿ ಕಥೆ ನಡೆಯುವುದು. ಕೈಕಿಲಿಯುಸನು ಕಲ್ಪಿತನಲ್ಲ, ಅವನ ಲೆಕ್ಕದ ಮೇಣದ ಹಲಗೆಗಳು ೧೮೭೫ರಲ್ಲಿ ಬೂದಿಯ ಕೆಳಗೆ ದೊರೆತಿವೆ. ಕ್ರಿ. ಶ. ೭೯ರಲ್ಲಿ ವೆಸೂವಿಯಸ್ ಪರ್ವತವು ಸಿಡಿದು ಮೊದಲನೆಯ ಪುಸ್ತಕವು ಮುಗಿಯುವಾಗ, ಹನ್ನೆರಡು ಪಾಠಗಳಲ್ಲಿ ಪರಿಚಿತನಾದ ಗೃಹಸ್ಥನ ಅವಸಾನಕ್ಕೆ ಮಕ್ಕಳು ಮರುಗುವರು. ಕೋಷ್ಟಕಕ್ಕಾಗಿ ಯಾವ ಮಗುವೂ ಮರುಗಿದುದಿಲ್ಲ. ಆದರೆ ಇಲ್ಲಿ ಎರಡು ನ್ಯೂನತೆಗಳನ್ನು ಹೇಳದೆ ವಿಧಿಯಿಲ್ಲ. ಕಥೆಯ ಓಟದಿಂದಲೇ ಅರ್ಥವನ್ನು ಊಹಿಸುವ ಅಭ್ಯಾಸವಾಗಿ, ಪ್ರತ್ಯಯವನ್ನು ನೋಡದೆ ಹೋಗುವ ಆಲಸ್ಯವು ಬೆಳೆಯಬಹುದು. ಅಂಥವನು ವರ್ಜಿಲನ ಮುಂದೆ ನಿಂತಾಗ ಊಹೆಯು ಕೈಕೊಡುವುದು. ಎರಡನೆಯದು ಧರ್ಮಸಂಬಂಧವಾದುದು. ಮೊದಲಿನ ಆವೃತ್ತಿಗಳಲ್ಲಿ ಗುಲಾಮರು ಹಾಸ್ಯಪಾತ್ರಗಳಂತೆ ಸಂತೋಷದಿಂದಿದ್ದರು. ದಾಸ್ಯದ ದುಃಖವು ಮರೆಯಾಗಿತ್ತು. ಸ್ತ್ರೀಪಾತ್ರಗಳು ಬಡವಾಗಿದ್ದವು. ಇಂಗ್ಲೆಂಡಿನಲ್ಲಿ ೨೦೨೨ರಲ್ಲಿ ಹೊರಟ ಐದನೆಯ ಆವೃತ್ತಿಯಲ್ಲಿ ಲೂಕಿಯಾ ಎಂಬ ಮಗಳನ್ನು ತಂದು, ದಾಸರ ಸ್ಥಿತಿಯನ್ನು ಹೆಚ್ಚು ಸತ್ಯವಾಗಿ ಬರೆದು, ಈ ದೋಷವನ್ನು ತಿದ್ದಲು ಯತ್ನಿಸಿರುವುದು ಪ್ರಶಂಸನೀಯ. ವ್ಯಾಕರಣವನ್ನು ಕಲಿಸುವ ಪುಸ್ತಕವು ಲೋಕವ್ಯವಹಾರವನ್ನೂ ಕಲಿಸಿಯೇ ಕಲಿಸುವುದು, ಸುಳ್ಳನ್ನು ಕಲಿಸಬಾರದು.

ಕಂಠಪಾಠವಾದಿಗಳಿಗೂ ಕಥಾವಾದಿಗಳಿಗೂ ನಡೆದಿರುವ ಈ ಜಗಳದಲ್ಲಿ ಸಂಸ್ಕೃತ ಪಾಠಶಾಲೆಗಳ ಅನುಭವವು ಒಂದು ಮಾತನ್ನು ಹೇಳಬಲ್ಲದು. ಅಲ್ಲಿ ರೂಪಾವಳಿಯನ್ನೂ ಅಮರವನ್ನೂ ಬಾಯಿಪಾಠ ಮಾಡಿದ ಬಾಲಕನನ್ನು ಅಷ್ಟರಲ್ಲಿಯೇ ಬಿಡುವುದಿಲ್ಲ. ರಘುವಂಶದ ಶ್ಲೋಕವನ್ನು ಮುಂದಿಟ್ಟು ಖಂಡಾನ್ವಯಕ್ರಮದಿಂದ ಕೇಳುವರು. ಮೊದಲು ಕ್ರಿಯಾಪದ, ಆಮೇಲೆ ಯಾರು? ಯಾರನ್ನು? ಯಾವುದರಿಂದ? ಎಂಥವನು? ಒಂದೊಂದು ಆಕಾಂಕ್ಷೆಗೂ ಒಂದೊಂದು ವಿಭಕ್ತಿಯು ಓಗೊಟ್ಟು ಬರುವುದು. ಇಂಗ್ಲೆಂಡಿನ ಒಳ್ಳೆಯ ಲ್ಯಾಟಿನ್ ಉಪಾಧ್ಯಾಯರೂ ಮೊದಲು ಕ್ರಿಯಾಪದವನ್ನು ಹುಡುಕೆಂದೇ ಹೇಳುವರು. ಸಮುದ್ರಗಳಾಚೆಯ ಎರಡು ಪರಂಪರೆಗಳು ಒಂದೇ ಉಪಾಯವನ್ನು ಕಂಡುಕೊಂಡುದಕ್ಕೆ ಕಾರಣ ಭಾಷಾಸ್ವಭಾವದ ಸಾಮ್ಯವೇ. ಕಂಠದಲ್ಲಿ ನಿಂತ ರೂಪವು ಪ್ರಶ್ನೆಗೆ ಉತ್ತರವಾಗಿ ಎದ್ದು ಬಂದಾಗಲೇ ಅದು ಜ್ಞಾನ. ಬಾಯಿಪಾಠವಾದ ಮೇಲೆ ಅನ್ವಯವನ್ನು ಕೇಳದ ಪಾಠಶಾಲೆಗಳೂ ಇಲ್ಲದಿರಲಿಲ್ಲ. ಅಲ್ಲಿಯ ಬಾಲಕರು ಚರ್ಚಿಲನಿಗಿಂತ ಭಾಗ್ಯವಂತರಲ್ಲ.

ಇಷ್ಟಾದರೂ ದೊಡ್ಡ ಪ್ರಶ್ನೆಯು ಉಳಿದಿದೆ. ಈ ಪುಸ್ತಕಗಳು ಯಾರ ಮಕ್ಕಳ ಕೈಗೆ ಹೋಗುವುವು? ವ್ಯಾಪಾರಕ್ಕೆ ಹೋಗುವ ಹುಡುಗನಿಗೆ ಲ್ಯಾಟಿನ್ ಕಲಿಸುವುದು ಹಾಸ್ಯಾಸ್ಪದವೆಂದು ಜಾನ್ ಲಾಕನು ೧೬೯೩ರಲ್ಲಿಯೇ ಬರೆದನು. ಆ ಮಾತಿನಲ್ಲಿ ವಿವೇಕವೂ ಉಂಟು, ಬಡವನ ಮಗುವಿಗೆ ಬಾಗಿಲು ಮುಚ್ಚುವ ಅಪಾಯವೂ ಉಂಟು. ಆಕ್ಸ್‌ಫರ್ಡ್ ಕೇಂಬ್ರಿಜ್ ವಿಶ್ವವಿದ್ಯಾನಿಲಯಗಳು ೧೯೬೦ರಲ್ಲಿ ಪ್ರವೇಶಕ್ಕೆ ಲ್ಯಾಟಿನ್ ಬೇಕೆಂಬ ಕಟ್ಟನ್ನು ಸಡಿಲಿಸಿದ ಮೇಲೆ ಸಾಧಾರಣ ಶಾಲೆಗಳಲ್ಲಿ ಅದು ಕ್ಷೀಣಿಸಿತು. ೨೦೨೧ರಲ್ಲಿ ಆ ದೇಶದ ಸರ್ಕಾರವು ತಾನೇ ಎತ್ತಿ ಹೇಳಿದ ಲೆಕ್ಕದಂತೆ, ಕೆಳತರಗತಿಗಳಲ್ಲಿ ಲ್ಯಾಟಿನ್ ಕಲಿಸುತ್ತಿದ್ದುದು ಸರ್ಕಾರಿ ಶಾಲೆಗಳಲ್ಲಿ ನೂರಕ್ಕೆ ಮೂರಕ್ಕಿಂತ ಕಡಮೆ. ಖಾಸಗಿ ಶಾಲೆಗಳಲ್ಲಿ ನೂರಕ್ಕೆ ನಲವತ್ತೊಂಬತ್ತು. ಈ ಅಂತರವನ್ನು ತಗ್ಗಿಸಲು ನಲವತ್ತು ಲಕ್ಷ ಪೌಂಡುಗಳ ವೆಚ್ಚದಲ್ಲಿ ನಲವತ್ತು ಶಾಲೆಗಳನ್ನು ಉದ್ದೇಶಿಸಿ ಯೋಜನೆಯೊಂದು ೨೦೨೨ರಲ್ಲಿ ಆರಂಭವಾಯಿತು. ೨೦೨೫ರ ಫೆಬ್ರವರಿಯಲ್ಲಿ, ಶಾಲಾವರ್ಷದ ನಡುವೆಯೇ, ಅದರ ಹಣವನ್ನು ನಿಲ್ಲಿಸಲಾಯಿತು. ಪರೀಕ್ಷೆಗೆ ಸಿದ್ಧವಾಗುತ್ತಿದ್ದ ಮಕ್ಕಳನ್ನು ಅರ್ಧದಾರಿಯಲ್ಲಿ ಬಿಡುವುದು ಯಾವ ಶಿಕ್ಷಣನೀತಿಗೂ ಭೂಷಣವಲ್ಲ. ಬೆತ್ತವು ಮಾಡುತ್ತಿದ್ದ ಹಾನಿಯನ್ನು ಇಲ್ಲಿ ಲೇಖನಿಯು ಮಾಡಿತು.

ಲ್ಯಾಟಿನ್ ಬುದ್ಧಿಯನ್ನು ಚುರುಕುಮಾಡುವುದು, ಆದುದರಿಂದ ಕಲಿಸಬೇಕು ಎಂಬ ವಾದವನ್ನು ಅದರ ಪಕ್ಷಪಾತಿಗಳು ಬಹುಕಾಲದಿಂದ ಹೂಡುತ್ತಿರುವರು. ಅಮೆರಿಕದ ಥಾರ್ನ್‌ಡೈಕನು ಸಹಸ್ರಾರು ವಿದ್ಯಾರ್ಥಿಗಳನ್ನು ಪರೀಕ್ಷಿಸಿ ೧೯೨೪ರಲ್ಲಿ ಪ್ರಕಟಿಸಿದ ಸಂಶೋಧನೆಯು ಈ ವಾದಕ್ಕೆ ಬಲ ಕೊಡಲಿಲ್ಲ. ಯಾವುದೇ ಒಂದು ವಿಷಯಕ್ಕೆ ಅಂಥ ವಿಶೇಷ ಮಹಿಮೆ ಅವನಿಗೆ ಕಾಣಲಿಲ್ಲ. ಆ ಆಧಾರವನ್ನು ಬಿಟ್ಟುಬಿಡುವುದೇ ಲೇಸು. ಸಂಗೀತವು ಶ್ವಾಸಕೋಶಕ್ಕೆ ಹಿತವೆಂದು ಹೇಳಿ ಅದನ್ನು ಕಲಿಸುವವರು ಸಂಗೀತವನ್ನು ಅವಮಾನಿಸುವರು. ವರ್ಜಿಲನಿಗಾಗಿ, ಹೊರೇಸನಿಗಾಗಿ, ಸಿಸೆರೋವಿಗಾಗಿ ಲ್ಯಾಟಿನ್. ಉಳಿದ ಪ್ರಯೋಜನಗಳು ಆನುಷಂಗಿಕ.

ಒಟ್ಟಿನಲ್ಲಿ, ಕೆನೆಡಿಯ ಕ್ರಮವನ್ನು ಎಸೆದವರೂ ಅದೊಂದನ್ನೇ ಹಿಡಿದವರೂ ಸಮಾನವಾಗಿ ತಪ್ಪಿರುವರು. ಕಥೆಯಿಂದ ಆರಂಭಿಸಿ, ರೂಪಗಳನ್ನು ಕಂಠದಲ್ಲಿ ನಿಲ್ಲಿಸಿ, ಅನ್ವಯದಿಂದ ಪರೀಕ್ಷಿಸಿ, ಆದಷ್ಟು ಬೇಗನೆ ನಿಜವಾದ ಕವಿಯ ಒಂದು ಪದ್ಯವನ್ನು ಬಾಲಕನ ಕೈಗಿಡುವ ಪುಸ್ತಕವೇ ಉತ್ತಮವೆಂದು ನಿರ್ಣಯಿಸಬೇಕಾಗಿದೆ. ಸಂಸ್ಕೃತದ ಪ್ರಥಮಪಾಠಗಳನ್ನು ಬರೆಯುವವರೂ ಈ ಗುಣದೋಷಗಳನ್ನು ಆಲೋಚಿಸಿ ನೋಡಿದರೆ ಲಾಭವುಂಟು. ಎಷ್ಟೇ ಉತ್ತಮವಾದ ಪುಸ್ತಕವಾದರೂ ಹುಡುಗನು ಎದ್ದುನಿಂತು ಕೇಳುವ ಪ್ರಶ್ನೆಗೆ ತಾನು ಉತ್ತರ ಕೊಡಲಾರದು. ಮೇಜನ್ನು ಏಕೆ ಕರೆಯಬೇಕೆಂದವನಿಗೆ ಹೊರೇಸನ ಭಾಂಡವನ್ನು ತೋರಿಸಬಲ್ಲ ಉಪಾಧ್ಯಾಯರು ಪ್ರತಿ ಶಾಲೆಯಲ್ಲಿಯೂ ಒಬ್ಬರಾದರೂ ಇರುವಂತೆ ನೋಡಿಕೊಳ್ಳುವುದು ಪಠ್ಯಕರ್ತರಿಗಿಂತ ಹೆಚ್ಚಾಗಿ ಶಾಲೆಗಳನ್ನು ನಡೆಸುವವರ ಕರ್ತವ್ಯವಾಗಿದೆ.